ಸೆರೆಯಾಳಿನ ಬೈಟು

“ಆ ಸ್ಟೋರಿಗೆ ದನಿ ಕೊಟ್ಟೋಳು ನೀನೇ ಅಲ್ವೇನೇ?”

ಸಕಲೇಶಪುರದ ಮನೆಗೆ ಬಂದು ಬ್ಯಾಗ್ ಇಳಿಸುವ ಮೊದಲೇ ದೊಡ್ಡಪ್ಪ ಕೇಳಿದರು. ಯಾವ ಸ್ಟೋರಿ ಎಂದು ನಾನು ಕೇಳಲಿಲ್ಲ. 2025ರ ಅಕ್ಟೋಬರ್ ಅದು. ಓದಲೆಂದು ರಷ್ಯಾಕ್ಕೆ ಹೋಗಿದ್ದ ಗುಜರಾತಿನ ಹುಡುಗನೊಬ್ಬ ಅಲ್ಲಿನ ಸೇನೆ ಸೇರಿ, ಉಕ್ರೇನಿನವರ ಕೈಗೆ ಸಿಕ್ಕಿದ್ದ. ಹಿಡಿದ ಪಡೆಯೇ ಅವನ ವಿಡಿಯೊ ಬಿಟ್ಟಿತ್ತು. ಅವನು ಯಾರು, ಸೇನೆಗೆ ಯಾಕೆ ಸಹಿ ಹಾಕಿದ, ಯಾಕೆ ಶರಣಾದ ಎಲ್ಲವೂ ಅವನ ಬಾಯಿಂದಲೇ. ದೇಶದ ಉಳಿದ ಚಾನೆಲ್‌ಗಳ ಹಾಗೆ ನಮ್ಮದೂ ಅದನ್ನು ಹಾಕಿತು. ಸ್ಕ್ರಿಪ್ಟ್ ನನ್ನದು, ವಾಯ್ಸ್ ಓವರ್ ನನ್ನದು.

“ಹೌದು. ಚೆನ್ನಾಗಿ ಬಂದಿರಲಿಲ್ವಾ?”

“ದನಿ ಚೆನ್ನಾಗಿತ್ತು.”

ನಮ್ಮ ಮನೆಯಲ್ಲಿ ಇದರ ಅರ್ಥ, ಉಳಿದದ್ದು ಚೆನ್ನಾಗಿರಲಿಲ್ಲ ಎಂದು.

ದೊಡ್ಡಪ್ಪ ಸೇನೆಯ ಸಿಗ್ನಲ್ಸ್‌ನಲ್ಲಿದ್ದವರು, ಹವಾಲ್ದಾರ್ ಆಗಿ ಪೆನ್ಷನ್ ಬಂದವರು. ಊಟ ಮುಗಿಯುವ ಹೊತ್ತಿಗೆ ಕರೆಂಟು ಹೋಯಿತು. ಕಾಫಿ ಹಿಡಿದುಕೊಂಡು ಜಗಲಿಗೆ ಬಂದೆವು. ಆ ರಾತ್ರಿಯ ಮಾತನ್ನು ನೆನಪಿದ್ದಷ್ಟು ಇಲ್ಲಿ ಇಳಿಸಿದ್ದೇನೆ. ವಾದದಲ್ಲಿ ನಾನಂತೂ ಗೆಲ್ಲಲಿಲ್ಲ.

“ಅದೇನು ಗುಟ್ಟಿನ ವಿಡಿಯೊ ಅಲ್ಲ ದೊಡ್ಡಪ್ಪ. ಉಕ್ರೇನಿನವರೇ ಊರಿಗೆಲ್ಲ ಹಂಚಿದ್ದು. ನಾವು ಹಾಕದಿದ್ರೆ ಜನ ಫೋನಲ್ಲಿ ನೋಡ್ಕೋತಿದ್ರು.”

“ಅವರು ಯಾಕೆ ಹಂಚಿದ್ರು?”

“ರಷ್ಯಾದ ಮಾನ ಕಳೆಯೋಕೆ. ಅಷ್ಟು ನನಗೂ ಗೊತ್ತಾಗುತ್ತೆ.”

“ಹಂಗಾದ್ರೆ ಅದು ಅವರ ಕರಪತ್ರ. ನೀನು ಮನೆಮನೆಗೆ ಹಾಕಿ ಬಂದೆ.”

“ಕರಪತ್ರ ಅಂತ ಹೇಳಿಯೇ ಹಾಕಿದ್ವಿ. ‘ಉಕ್ರೇನ್ ಬಿಡುಗಡೆ ಮಾಡಿದ ವಿಡಿಯೊ’ ಅಂತ ಮೂಲೆಯಲ್ಲಿ ಬರೆದಿತ್ತು.”

“ಮೂಲೆಯಲ್ಲಿ. ಮಧ್ಯದಲ್ಲಿ ಅವನ ಮುಖ ಇತ್ತು.”

ನಾನು ಕಾಫಿ ಕುಡಿದೆ. ಅವರು ಮುಂದುವರಿಸಿದರು.

“1972ರಲ್ಲಿ ನಾನು ಜಬಲ್ಪುರದಲ್ಲಿ ಟ್ರೇನಿಂಗ್‌ನಲ್ಲಿದ್ದೆ. ಹಿಂದಿನ ವರ್ಷ ಢಾಕಾದಲ್ಲಿ ಶರಣಾದ ಪಾಕಿಸ್ತಾನದೋರು 93,000 ಅಂತ ಲೆಕ್ಕ. ಅವರನ್ನ ಬೇರೆ ಬೇರೆ ಊರಿನ ಕ್ಯಾಂಪುಗಳಲ್ಲಿ ಇಟ್ಟಿದ್ರು. ಅವರ ಜನರಲ್ ನಿಯಾಜಿಯನ್ನ ಜಬಲ್ಪುರದಲ್ಲೇ ಇಟ್ಟಿದ್ದು. ಒಂದು ದಿನ ಅವರ ಕಡೆಯ ಸಿಪಾಯಿಗಳನ್ನ ತುಂಬ್ಕೊಂಡು ಲಾರಿ ಹೋಗ್ತಾ ಇತ್ತು, ರೈಲ್ವೆ ಗೇಟು ಬಿತ್ತು. ಜನ ಸುತ್ಕೊಂಡ್ರು. ಯಾರೂ ಕಲ್ಲೆಸೀಲಿಲ್ಲ, ಬೈಲಿಲ್ಲ. ಕಡ್ಲೇಕಾಯಿ ತಿಂತಾ ನೋಡಿದ್ರು, ಅಷ್ಟೆ. ಲಾರಿ ಅಂಚಲ್ಲಿ ಕೂತಿದ್ದ ಒಬ್ಬ, ಮೇ ತಿಂಗಳ ಬಿಸಿಲು, ಕಾಲಡಿ ಇದ್ದ ಕಂಬಳಿ ಎಳ್ಕೊಂಡು ತಲೆ ಮೇಲಿಂದ ಮುಚ್ಕೊಂಡ. ರೈಲು ಹೋಗೋ ತನಕ ಕಂಬಳಿ ಒಳಗೇ ಇದ್ದ.”

“ನೀವೇನು ಮಾಡಿದ್ರಿ?”

“ನಾನೂ ನೋಡ್ತಿದ್ದೆ. ಆಮೇಲೆ ಕ್ಲಾಸಲ್ಲಿ ಜಿನೀವಾ ಒಪ್ಪಂದದ 13ನೇ ವಿಧಿ ಹೇಳ್ಕೊಟ್ರು. ಸೆರೆಯಾಳನ್ನ ಹಿಂಸೆಯಿಂದ, ಬೆದರಿಕೆಯಿಂದ, ಅವಮಾನದಿಂದ, ಜನರ ಕುತೂಹಲದಿಂದ ಕಾಪಾಡಬೇಕು ಅಂತ. ಮೊದಲ ಮೂರು ಅರ್ಥ ಆಯ್ತು. ಕುತೂಹಲದಿಂದ ಯಾಕೆ ಕಾಪಾಡಬೇಕು ಅಂತ ಪಕ್ಕದಲ್ಲಿದ್ದೋನು ಕೇಳಿದ. ನನಗೆ ಆ ಕಂಬಳಿ ನೆನಪಾಯ್ತು.”

“ಆದ್ರೆ 1949ರ ಆ ಒಪ್ಪಂದ ಸರಕಾರಗಳಿಗೆ. ಟಿವಿ ಚಾನೆಲ್ ಅದಕ್ಕೆ ಸಹಿ ಹಾಕಿಲ್ಲ.”

“ಕಡ್ಲೇಕಾಯಿ ತಿಂತಿದ್ದೋರೂ ಸಹಿ ಹಾಕಿರಲಿಲ್ಲ.”

ಮಾತು ಇಷ್ಟಕ್ಕೇ ನಿಂತಿದ್ದರೆ ಇದು ಹಿರಿಯರು ಕಿರಿಯರಿಗೆ ಹೇಳಿದ ಬುದ್ಧಿಮಾತಾಗುತ್ತಿತ್ತು. ನನ್ನ ಹತ್ತಿರವೂ ಒಂದು ಪ್ರಶ್ನೆ ಇತ್ತು. ಡೆಸ್ಕಿನಲ್ಲಿ ಇಂಥ ಮಾತು ಬಂದಾಗಲೆಲ್ಲ ನಾವು ಇದನ್ನೇ ಮುಂದಿಡುವುದು.

“ಪಾಕಿಸ್ತಾನದ ಕೈಗೆ ಸಿಕ್ಕ ನಮ್ಮ ಪೈಲಟ್ ಅಭಿನಂದನ್ ವಿಷಯಕ್ಕೆ ಬನ್ನಿ. 2019ರ ಫೆಬ್ರವರಿ 27. ಕಣ್ಣಿಗೆ ಬಟ್ಟೆ ಕಟ್ಟಿ, ಮುಖದಲ್ಲಿ ರಕ್ತ ಇದ್ದ ವಿಡಿಯೊ ಬಂತು. ಗಾಯಗೊಂಡ ಯೋಧನನ್ನ ಹೀಗೆ ಪ್ರದರ್ಶಿಸೋದು ಜಿನೀವಾ ಒಪ್ಪಂದದ ಉಲ್ಲಂಘನೆ ಅಂತ ನಮ್ಮ ವಿದೇಶಾಂಗ ಇಲಾಖೆಯೇ ಪ್ರತಿಭಟಿಸ್ತು, ಸರಿ. ಆದ್ರೆ ಆ ವಿಡಿಯೊ ಬಂದ ಗಳಿಗೆಯಿಂದ ಅವರು ಬದುಕಿದ್ದಾರೆ ಅಂತ ಇಡೀ ಜಗತ್ತಿಗೆ ಗೊತ್ತಾಯ್ತಲ್ಲ? ಇನ್ನು ‘ಈ ಹೆಸರಿನವನು ನಮ್ಮ ಹತ್ರ ಇಲ್ಲ’ ಅನ್ನೋಕೆ ಪಾಕಿಸ್ತಾನಕ್ಕೆ ಆಗ್ತಿತ್ತಾ? ಮಾರ್ಚ್ 1ರ ರಾತ್ರಿ ವಾಘಾದಲ್ಲಿ ಬಿಟ್ರು. ನಿಮ್ಮ 1971ರ ಯುದ್ಧದಲ್ಲಿ? ಐವತ್ತನಾಲ್ಕು ಜನ ಪಾಕಿಸ್ತಾನದ ಜೈಲುಗಳಲ್ಲಿದ್ದಾರೆ ಅಂತ ನಮ್ಮ ಪಟ್ಟಿ, ಯಾರೂ ಇಲ್ಲ ಅಂತ ಅವರ ಉತ್ತರ. ಅವರಲ್ಲಿ ಒಬ್ಬ ಮೇಜರ್ ಕಂಬಿ ಹಿಂದೆ ನಿಂತ ಫೋಟೊ ಟೈಮ್ ಪತ್ರಿಕೆಯಲ್ಲಿ ಬಂದಿತ್ತು ಅಂತ ಮನೆಯವರು ಗುರುತು ಹಿಡಿದ್ರು. ಎಷ್ಟೋ ವರ್ಷ ಆ ಕುಟುಂಬ ಕೈಯಲ್ಲಿ ಹಿಡ್ಕೊಂಡು ಓಡಾಡಿದ್ದು ಅದೇ ಒಂದು ಫೋಟೊನ. ಅದನ್ನೂ ಹಾಕಬಾರದಿತ್ತು ಅಂತೀರಾ?”

ದೊಡ್ಡಪ್ಪ ಬಹಳ ಹೊತ್ತು ಮಾತಾಡಲಿಲ್ಲ. ತೋಟದ ಕಡೆಯಿಂದ ಜೀರುಂಡೆ ಸದ್ದು. ಕೊನೆಗೆ, “ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ ಮಗಾ. ಆ ಫೋಟೊ ಹಾಕಬೇಕಿತ್ತು. ಇನ್ನೂ ಹತ್ತು ಹಾಕಬೇಕಿತ್ತು,” ಎಂದರು.

“ಮತ್ತೆ?”

“ಮತ್ತೆ ಏನು? ಫೋಟೊ ಬೇರೆ, ಬೈಟು ಬೇರೆ. ಕ್ಯಾಮೆರಾ ಮುಂದೆ ಹೇಳಿಸೋ ಮಾತಿಗೆ ನಿಮ್ಮ ಭಾಷೇಲಿ ಬೈಟು ಅಂತಾನೇ ಅಲ್ವಾ ಅನ್ನೋದು? ಆ ಮೇಜರ್ ಕಂಬಿ ಹಿಂದೆ ನಿಂತಿದ್ದ, ಏನೂ ಹೇಳಿರಲಿಲ್ಲ. ‘ಇವನು ಇದ್ದಾನೆ’ ಅನ್ನೋದು ಸುದ್ದಿ. ‘ಇವನು ಹೀಗಂದ’ ಅನ್ನೋದು ಸುದ್ದಿಯಲ್ಲ, ಅದನ್ನ ಹೇಳಿದ್ದು ಅವನಲ್ಲ. ಅಭಿನಂದನ್‌ದು ಇನ್ನೊಂದು ವಿಡಿಯೊ ಬಂತು ನೋಡು, ಟೀ ಕುಡಿಯೋದು. ಯಾವ ವಿಮಾನ ಅಂತ ಕೇಳಿದ್ರೆ ಹೇಳಲ್ಲ ಅಂದ್ರು. ಯಾವ ಊರು ಅಂದ್ರೆ ದಕ್ಷಿಣದ ಕಡೆಯವನು ಅಂತ ಅಷ್ಟೇ. ಹೆಸರು, ರ‍್ಯಾಂಕು, ಹುಟ್ಟಿದ ತಾರೀಕು, ನಂಬರು, ಇಷ್ಟು ಬಿಟ್ಟು ಬೇರೆ ಹೇಳಬೇಕಿಲ್ಲ ಅಂತ ಒಪ್ಪಂದದಲ್ಲೇ ಇದೆ. ಆತ ಅದನ್ನ ಎಷ್ಟು ಮರ್ಯಾದೆಯಿಂದ ಪಾಲಿಸಿದ್ರು! ಅದೇ ಹೊತ್ತಿಗೆ ನಮ್ಮ ಚಾನೆಲ್‌ನೋರು ಎಲ್ಲಿದ್ರು?”

ಎಲ್ಲಿದ್ದರೆಂದು ನನಗೆ ಗೊತ್ತಿತ್ತು. ಚೆನ್ನೈನ ಅವರ ಮನೆ ಮುಂದೆ. ತಂದೆ ಯಾರು, ವಾಯುಪಡೆಯಲ್ಲಿ ಯಾವ ಹುದ್ದೆಯಲ್ಲಿದ್ದರು, ಮನೆ ಯಾವುದು ಎಲ್ಲವೂ ಪರದೆಯ ಮೇಲೆ ಓಡುತ್ತಿತ್ತು. ಸೆರೆಯಲ್ಲಿದ್ದವರು ಬಾಯಿ ಬಿಡದ ವಿಷಯವನ್ನು ಹೊರಗಿದ್ದವರು ಗ್ರಾಫಿಕ್ಸ್ ಮಾಡಿ ತೋರಿಸುತ್ತಿದ್ದೆವು. ಆಗ ನಾನು ಡೆಸ್ಕಿಗೆ ಹೊಸಬಳು. ‘ತಂದೆಯ ಫೋಟೊ ಸಿಕ್ತಾ?’ ಎಂದು ನಾನೇ ಯಾರಿಗೋ ಫೋನ್ ಮಾಡಿದ್ದೆ. ಇದನ್ನು ದೊಡ್ಡಪ್ಪನಿಗೆ ಹೇಳಲಿಲ್ಲ.

“ಬಿಡೋ ಮೊದಲು ಇನ್ನೊಂದು ವಿಡಿಯೊ ಮಾಡಿಸಿದ್ರು. ಪಾಕಿಸ್ತಾನದ ಸೇನೆಯನ್ನ ಹೊಗಳಿ, ನಮ್ಮ ಮಾಧ್ಯಮಗಳನ್ನ ಬೈದಿದ್ದು. ತುಂಡು ತುಂಡು ಎಡಿಟ್ ಮಾಡಿದ್ದು ಕಣ್ಣಿಗೆ ಹೊಡೀತಿತ್ತು,” ಎಂದೆ.

“ಅದನ್ನ ಜನ ಹೇಗೆ ತಗೊಂಡ್ರು?”

“ಒತ್ತಾಯದಿಂದ ಹೇಳಿಸಿದ್ದು ಅಂದ್ರು.”

“ಪುಣ್ಯ. ಆಮೇಲೆ ವೀರಚಕ್ರವೂ ಬಂತು. ಆದ್ರೆ ಅದು ಆತನ ಅದೃಷ್ಟ. ಊರಿಡೀ ಆಗಲೇ ಹೀರೋ ಮಾಡಿತ್ತು, ಅದಕ್ಕೆ ಆ ಮಾತನ್ನ ನುಂಗ್ತು. ನಿನ್ನ ಗುಜರಾತಿನ ಹುಡುಗನಿಗೆ ಆ ಅದೃಷ್ಟ ಇದೆಯಾ? ಅವನು ಅಂದಿದ್ದನ್ನ ಅವನ ಮಾತು ಅಂತಾನೇ ನೀನು ಓದಿದೆ. ‘ತಾನೇ ಒಪ್ಪಿಕೊಂಡಿದ್ದಾನೆ’ ಅಂದೆ. ಕೇಳಿಸ್ಕೊಂಡಿದೀನಿ.”

ಅಂದದ್ದು ನಿಜ. ಸ್ಕ್ರಿಪ್ಟಿನಲ್ಲಿ ಆ ಸಾಲು ಇತ್ತು.

ಇಲ್ಲಿ ದೊಡ್ಡಪ್ಪನಿಗೆ ಹಳೆಯ ಹುರುಪು ಬಂತು. ಕಾಫಿಯ ಸ್ಟೀಲ್ ಲೋಟ ಬೋರಲು ಹಾಕಿ, ಚಮಚದ ಹಿಂಬದಿಯಿಂದ ಕುಟ್ಟತೊಡಗಿದರು. ಒಂದು ಉದ್ದ. ತಡೆದು, ಮೂರು ಉದ್ದ. ಗಿಡ್ಡ ಉದ್ದ ಗಿಡ್ಡ. ಮತ್ತೆ ಒಂದು ಉದ್ದ. ಎರಡು ಗಿಡ್ಡ, ಒಂದು ಉದ್ದ. ಗಿಡ್ಡ ಉದ್ದ ಗಿಡ್ಡ. ಕೊನೆಗೆ ಒಂದೇ ಗಿಡ್ಡ.

“ಇದು ಮೋರ್ಸ್. ಏಳು ಅಕ್ಷರ, ಟಾರ್ಚರ್. ಜೆರೆಮಯ್ಯ ಡೆಂಟನ್ ಅಂತ, ಅಮೆರಿಕದ ನೌಕಾಪಡೆಯ ಪೈಲಟ್. 1965ರಲ್ಲಿ ವಿಯೆಟ್ನಾಂನಲ್ಲಿ ಸಿಕ್ಕಿಬಿದ್ದ. ಮುಂದಿನ ವರ್ಷ ಹನೋಯಿಯಲ್ಲಿ ಕ್ಯಾಮೆರಾ ಮುಂದೆ ಕೂರಿಸಿದ್ರು. ಬಾಯಲ್ಲಿ ಊಟ, ಬಟ್ಟೆ ಸರಿಯಾಗಿ ಕೊಡ್ತಾರೆ ಅಂತಾನೆ. ರೆಪ್ಪೆಯಲ್ಲಿ ಇದನ್ನ ಬಡೀತಾನೆ. ಲೈಟು ಕಣ್ಣಿಗೆ ಚುಚ್ಚುತ್ತೆ ಅನ್ನೋ ಹಾಗೆ ಪಿಳಿಪಿಳಿ ಮಾಡ್ತಾ ಮಾಡ್ತಾ. ನೌಕಾಪಡೆಯ ಗುಪ್ತಚರದೋರು ಓದ್ಕೊಂಡ್ರು. ಸೆರೆಯಾಳುಗಳಿಗೆ ಅಲ್ಲಿ ಹಿಂಸೆ ಕೊಡ್ತಾರೆ ಅಂತ ಅವರಿಗೆ ಖಾತ್ರಿ ಆಗಿದ್ದೇ ಹಾಗೆ. ಆಪರೇಟರ್‌ಗಳ ಪಾಲಿಗೆ ಅವನು ದೇವರು.”

“ಅಯ್ಯೋ ದೊಡ್ಡಪ್ಪ, ಇದು ನನ್ನ ಪರವಾಗಿಯೇ ಇದೆಯಲ್ಲ! ಟಿವಿಯಲ್ಲಿ ಹಾಕದೇ ಇದ್ದಿದ್ರೆ ಆ ರೆಪ್ಪೆಯನ್ನ ಯಾರು ಓದ್ತಿದ್ರು?”

“ತಡಿ. ಅದರ ಜೊತೆಗೆ ಇನ್ನೊಂದಿದೆ. ಪ್ಯೂಬ್ಲೊ ಅಂತ ಅಮೆರಿಕದ್ದೇ ಹಡಗು. ಅದೂ ನಮ್ಮ ಕಸುಬಿನದೇ, ಇನ್ನೊಬ್ಬರ ರೇಡಿಯೊ ಕದ್ದು ಕೇಳೋ ಹಡಗು. 1968ರ ಜನವರಿಯಲ್ಲಿ ಉತ್ತರ ಕೊರಿಯಾದೋರು ಹಿಡಿದ್ರು. ಒಬ್ಬ ಸತ್ತ, 82 ಜನ ಸೆರೆ. ತಪ್ಪೊಪ್ಪಿಗೆಗೆ ಸಹಿ ಹಾಕು ಅಂತ ಕ್ಯಾಪ್ಟನ್ ಬೂಕರ್‌ಗೆ ಹೊಡೆದ್ರು, ಹಾಕಲಿಲ್ಲ. ನಿನ್ನ ಹುಡುಗರನ್ನ ನಿನ್ನೆದುರೇ ಒಬ್ಬೊಬ್ಬರಾಗಿ ಗುಂಡಿಕ್ಕಿ ಕೊಲ್ತೀವಿ, ಎಲ್ಲರಿಗಿಂತ ಚಿಕ್ಕವನಿಂದ ಶುರು ಮಾಡ್ತೀವಿ ಅಂದ್ರು. ಹಾಕಿದ. ಹಾಕದೆ ಇನ್ನೇನು ಮಾಡ್ತಾನೆ? ಆಮೇಲೆ ಪ್ರಚಾರಕ್ಕೆ ಅಂತ ಅವರ ಗುಂಪು ಫೋಟೊ ತೆಗೆಸೋರು. ಹುಡುಗರು ಸುಮ್ನೆ ಕೂತ ಹಾಗೆ ಕೂತು ನಡುಬೆರಳು ಚಾಚೋರು.”

“ಬೆರಳು ಅಂದ್ರೆ, ಆ ಬೈಗುಳದ ಬೆರಳಾ?”

“ಅದೇ. ಇದೇನು ಅಂತ ಕಾವಲಿನೋರು ಕೇಳಿದ್ರೆ, ಹವಾಯಿ ಕಡೆ ಶುಭ ಕೋರೋ ರೀತಿ ಅಂತ ಹೇಳಿದ್ರು. ನಂಬಿದ್ರು. ಆ ಫೋಟೊಗಳನ್ನ ಉತ್ತರ ಕೊರಿಯಾದೋರೇ ಜಗತ್ತಿಗೆಲ್ಲ ಕಳಿಸಿದ್ರು. ಅಕ್ಟೋಬರ್‌ನಲ್ಲಿ ಅದೇ ಟೈಮ್ ಪತ್ರಿಕೆ ಒಂದು ಫೋಟೊ ಹಾಕಿ, ಈ ಬೆರಳಿಗೆ ಏನರ್ಥ ಅಂತ ಅಡಿಬರಹದಲ್ಲಿ ವಿವರಿಸ್ತು. ಡಿಸೆಂಬರ್‌ನಲ್ಲಿ ಹೊಡೆತ ಶುರುವಾಯ್ತು. ಹಗಲೂ ರಾತ್ರಿ. ಆ ಒಂದು ವಾರಕ್ಕೆ ಅವರು ನರಕದ ವಾರ ಅಂತಾನೇ ಹೆಸರಿಟ್ಕೊಂಡ್ರು.”

ನಾನು ಸುಮ್ಮನೆ ಕೂತೆ. ಕತ್ತಲಲ್ಲಿ ಆ ಪುಟ ಕಣ್ಣಿಗೆ ಕಟ್ಟಿತು. ಆ ಡೆಸ್ಕಿನಲ್ಲಿ ಕೂತವರು ಸೆರೆಯಾಳುಗಳ ಶತ್ರುಗಳಲ್ಲ. ಅವರದೇ ದೇಶದವರು, ಅವರ ಧೈರ್ಯ ಕಂಡು ಹಿಗ್ಗಿದವರು. ‘ನೋಡಿ, ನಮ್ಮ ಹುಡುಗರು ಹೇಗೆ ಟೋಪಿ ಹಾಕಿದ್ದಾರೆ!’ ಎಂದು ಓದುಗರಿಗೆ ಹೇಳುವ ಆಸೆ. ಆ ಆಸೆ ನನಗೆ ಚೆನ್ನಾಗಿ ಗೊತ್ತು.

“ನಾನಾಗಿದ್ರೂ ಹಾಕ್ತಿದ್ದೆ,” ಎಂದೆ. “ಅಡಿಬರಹ ಅಷ್ಟೇ ಅಲ್ಲ, ಬೆರಳಿನ ಸುತ್ತ ಕೆಂಪು ಸುತ್ತು ಹಾಕಿ, ಬಾಣ ಬಿಟ್ಟು, ಜೂಮ್ ಮಾಡಿ ಮೂರು ಸಲ ತೋರಿಸ್ತಿದ್ದೆ.”

“ಡೆಂಟನ್‌ಗೆ ನೀನು ಸಿಕ್ಕಿರಲಿಲ್ಲ, ಪುಣ್ಯ.”

ಇಬ್ಬರೂ ನಕ್ಕೆವು. ನಗು ಹೆಚ್ಚು ಹೊತ್ತು ಉಳಿಯಲಿಲ್ಲ.

“ವಾಪಸ್ ಬಂದ ಮೇಲೆ ಅವರಿಗೇನಾಯ್ತು?”

“ಬೂಕರ್‌ನ ಕೋರ್ಟ್ ಮಾರ್ಷಲ್ ಮಾಡ್ಬೇಕು ಅಂತ ವಿಚಾರಣೆ ನಡೆಸಿದ ಅಡ್ಮಿರಲ್‌ಗಳು ಹೇಳಿದ್ರು. ಇವರು ಪಟ್ಟಿದ್ದು ಸಾಕು ಅಂತ ನೌಕಾಪಡೆಯ ಮಂತ್ರಿ ಕೈಬಿಟ್ರು. ಎಲ್ಲರಿಗೂ ಅಂಥ ಮಂತ್ರಿ ಸಿಗಲ್ಲ. 1973ರಲ್ಲಿ ವಿಯೆಟ್ನಾಂನಿಂದ ವಾಪಸ್ ಬಂದ ಎಂಟು ಜನ ಸಿಪಾಯಿಗಳ ಮೇಲೆ, ಅವರ ಜೊತೇಲೇ ಸೆರೆಯಲ್ಲಿದ್ದ ಒಬ್ಬ ಕರ್ನಲ್ ದೂರು ಕೊಟ್ಟ. ಶತ್ರು ಜೊತೆ ಸೇರ್ಕೊಂಡ್ರು ಅಂತ. ಪತ್ರಿಕೆಗಳಲ್ಲೆಲ್ಲ ಬಂತು. ಜೂನ್ ಕೊನೇಲಿ ಅವರಲ್ಲೊಬ್ಬ ಪ್ರಾಣ ಕಳ್ಕೊಂಡ, ತನ್ನ ಕೈಯಾರೆ. ಜುಲೈ ಮೊದಲ ವಾರ ಆರೋಪ ಎಲ್ಲ ವಜಾ. ವರ್ಷಗಟ್ಲೆ ಕ್ಯಾಂಪಲ್ಲಿ ಬದುಕಿದ್ದೋನು ಮನೇಲಿ ಬದುಕೋಕಾಗಲಿಲ್ಲ.”

ಇಷ್ಟು ಹೊತ್ತಿಗೆ ನನಗೆ ಒಂದು ಎದುರುತ್ತರ ಹೊಳೆದಿತ್ತು.

“ನೀವು ಹೇಳೋದೆಲ್ಲ ಕೇಳಿದ್ರೆ, ಸಹಕರಿಸಿದವನದು ಯಾವಾಗಲೂ ಒತ್ತಾಯದ ಮಾತು ಅನ್ನೋ ಹಾಗಿದೆ. ಐಎನ್‌ಎ? 1942ರಲ್ಲಿ ಸಿಂಗಪುರದಲ್ಲಿ ಸಿಕ್ಕಿಬಿದ್ದ ನಮ್ಮ ಸಿಪಾಯಿಗಳೇ ತಾನೇ ಜಪಾನಿಯರ ಜೊತೆ ಸೇರಿ ಆ ಸೇನೆ ಕಟ್ಟಿದ್ದು? ಬ್ರಿಟಿಷರ ಪುಸ್ತಕದಲ್ಲಿ ಅವರು ಶತ್ರುವಿಗೆ ಸಹಕರಿಸಿದ ಸೆರೆಯಾಳುಗಳು. ಯುದ್ಧ ಮುಗಿಯೋ ತನಕ ಆ ಸುದ್ದಿಯನ್ನ ಸೆನ್ಸಾರ್ ಮಾಡಿ ಅದುಮಿಟ್ರು. ಅದುಮಿಟ್ಟಿದ್ದು ಸೆರೆಯಾಳುಗಳ ಮರ್ಯಾದೆ ಕಾಪಾಡೋಕಾ? ನೀವು ಹೇಳೋ ಮೌನ ಯಾವಾಗಲೂ ಆಳೋರಿಗೆ ಅನುಕೂಲ.”

“ಆಮೇಲೆ ಅವರೇ ಬಯಲು ಮಾಡಿದ್ರಲ್ಲ, ಕೆಂಪುಕೋಟೆಯ ವಿಚಾರಣೆಯಲ್ಲಿ.”

“1945ರ ನವೆಂಬರ್. ಶಾನವಾಜ್ ಖಾನ್, ಪ್ರೇಮ್ ಸೆಹಗಲ್, ಗುರ್‌ಬಕ್ಷ್ ಸಿಂಗ್ ಧಿಲ್ಲೋನ್. ದ್ರೋಹಿಗಳು ಅಂತ ಜನಕ್ಕೆ ತೋರಿಸೋಕೆ ಹೋದ್ರು, ಊರೂರಲ್ಲಿ ಅವರ ಪಟಕ್ಕೆ ಹಾರ ಬಿತ್ತು. ಜೀವಾವಧಿ ಶಿಕ್ಷೆ ಕೊಟ್ಟು, ಸೇನಾಧಿಪತಿ ಆಕಿನ್ಲೆಕ್ ಅದನ್ನ ವಾಪಸ್ ತಗೊಳ್ಳಬೇಕಾಯ್ತು.”

“ನಾನು ಹೇಳೋದೂ ಅದನ್ನೇ. ಕೆಂಪುಕೋಟೇಲಿ ಆ ಮೂವರು ನಿಂತಿದ್ದು ಸ್ವಂತ ನೆಲದ ಮೇಲೆ. ಪಕ್ಕದಲ್ಲಿ ಭೂಲಾಭಾಯಿ ದೇಸಾಯಿ ಅಂಥ ವಕೀಲರು. ಹೌದು, ಮಾಡಿದ್ವಿ, ಈ ಕಾರಣಕ್ಕೆ ಮಾಡಿದ್ವಿ ಅಂತ ಹೇಳೋಕೂ ಆಗ್ತಿತ್ತು, ಇಲ್ಲ ಅನ್ನೋಕೂ ಆಗ್ತಿತ್ತು. ಅದು ಮಾತು. ಅದನ್ನ ಹಾಕು, ಮೊದಲ ಪುಟದಲ್ಲಿ ಹಾಕು. ಅದು ಬಿಟ್ಟು, ಸಿಂಗಪುರದ ಕ್ಯಾಂಪಲ್ಲಿ ಐಎನ್‌ಎ ಸೇರಲ್ಲ ಅಂದೋರ ಹೆಸರು ನಿನಗೆ ಒಂದಾದ್ರೂ ಗೊತ್ತಾ?”

“ಇಲ್ಲ.”

“ನನಗೂ ಗೊತ್ತಿಲ್ಲ. ದೂರದ ದ್ವೀಪಗಳಿಗೆ ಕೂಲಿಗೆ ಸಾಗಿಸಿದ್ರು, ಎಷ್ಟೋ ಜನ ಅಲ್ಲೇ ಸತ್ರು. ಅವರು ಸೇರಲ್ಲ ಅಂದಿದ್ದು ಬ್ರಿಟಿಷರ ಉಪ್ಪಿಗೋ, ಕೊಟ್ಟ ಮಾತಿಗೋ, ಸತ್ತೋರು ಬಂದು ಹೇಳಲ್ಲ. ಒಂದೇ ಮನೇಲಿ ನೋಡು, ಕೊಡಗಿನ ಜನರಲ್ ತಿಮ್ಮಯ್ಯನವರು ಬರ್ಮಾದಲ್ಲಿ ಜಪಾನಿಯರ ವಿರುದ್ಧ ಹೋರಾಡಿದ್ರು. ಅವರ ಅಣ್ಣ ಪೊನ್ನಪ್ಪ ಐಎನ್‌ಎಯಲ್ಲಿದ್ರು. ಯಾರು ಸರಿ ಅಂತ ಇಲ್ಲಿ ಕೂತು ನಾನು ಹೇಳಲ್ಲ.”

ತಿಮ್ಮಯ್ಯನವರ ಹೆಸರು ಬಂದ ಮೇಲೆ ಕೊರಿಯಾ ಬರಲೇಬೇಕು, ನಮ್ಮ ದೊಡ್ಡಪ್ಪನ ಹತ್ತಿರ. ಬಂತು.

“1953ರಲ್ಲಿ ಕೊರಿಯಾ ಯುದ್ಧ ನಿಂತಾಗ, ಊರಿಗೆ ವಾಪಸ್ ಹೋಗಲ್ಲ ಅಂದ ಸೆರೆಯಾಳುಗಳು ಇಪ್ಪತ್ತೆರಡು ಸಾವಿರದ ಮೇಲಿದ್ರು, ಚೀನಾದೋರು, ಉತ್ತರ ಕೊರಿಯಾದೋರು. ಆ ಕಡೆ 23 ಅಮೆರಿಕದೋರು, ಒಬ್ಬ ಬ್ರಿಟನ್ನಿನವನು. ಇವರು ನಿಜವಾಗಿ ಹೋಗಲ್ಲ ಅಂತಾರಾ, ಯಾರಾದ್ರೂ ಹೇಳಿಸ್ತಿದ್ದಾರಾ ಅಂತ ತಿಳಿಯೋದು ಹೇಗೆ? ಐದು ದೇಶದ ಆಯೋಗ, ತಿಮ್ಮಯ್ಯ ಅಧ್ಯಕ್ಷರು, ಕಾವಲಿಗೆ ನಮ್ಮ ಸೇನೆ. ಒಬ್ಬೊಬ್ಬನನ್ನೂ ಡೇರೆಗೆ ಕರೆದು, ಅವನ ದೇಶದೋರು ವಿವರಿಸಬೇಕು, ಆಯೋಗದೋರು ಕೂತು ನೋಡಬೇಕು. ತೊಂಬತ್ತು ದಿನದ ಗಡುವು. ಆದ್ರೂ ಪೂರ್ತಿ ಆಗಲಿಲ್ಲ. ಕ್ಯಾಂಪಿನ ಒಳಗೇ ಗುಂಪುಗಳಿದ್ವು, ಬಾಯಿ ತಪ್ಪಿದೋನನ್ನ ರಾತ್ರಿ ವಿಚಾರಿಸ್ಕೊಳ್ಳೋರು. ಸೆರೆಯಲ್ಲಿರೋನ ಬಾಯಿಂದ ಅವನ ಸ್ವಂತ ಮಾತೊಂದು ಹೊರಡಿಸೋಕೆ ಅಷ್ಟು ಕಷ್ಟ ಪಟ್ರು. ನಿನಗೆ ಎರಡು ನಿಮಿಷದ ವಿಡಿಯೊದಲ್ಲಿ ಸಿಕ್ತು.”

“ಆ ಅಮೆರಿಕದೋರು?”

“ಇಬ್ಬರು ಮನಸ್ಸು ಬದಲಾಯಿಸಿ ವಾಪಸ್ ಬಂದ್ರು. ಇಬ್ಬರನ್ನೂ ಕೋರ್ಟ್ ಮಾರ್ಷಲ್ ಮಾಡಿ ಒಳಗೆ ಹಾಕಿದ್ರು.”

ಉಕ್ರೇನಿನ ಕಥೆ ಹೇಳುವ ಸರದಿ ನನ್ನದಾಯಿತು. ನನ್ನ ವಾದಕ್ಕೆ ಅದು ಪೆಟ್ಟು ಎಂದು ಗೊತ್ತಿದ್ದರೂ ಹೇಳಿದೆ. 2022ರ ಮಾರ್ಚ್‌ನಲ್ಲಿ ಉಕ್ರೇನ್ ರಷ್ಯಾದ ಸೆರೆಯಾಳುಗಳನ್ನು ಸಾಲಾಗಿ ಕೂರಿಸಿ ಪತ್ರಿಕಾಗೋಷ್ಠಿ ಮಾಡಿಸಿತು. ಹ್ಯೂಮನ್ ರೈಟ್ಸ್ ವಾಚ್ ಆಕ್ಷೇಪಿಸಿತು. ನಿಮಗೆ ಒಪ್ಪಿಗೆಯಾ ಎಂದು ಮೊದಲೇ ಕೇಳಿ ಮಾತಾಡಿಸುವ ಯೂಟ್ಯೂಬರ್‌ಗಳೂ ಅಲ್ಲಿದ್ದಾರೆ.

“ಬಾಗಿಲಾಚೆ ಬಂದೂಕು ಹಿಡಿದೋನು ನಿಂತಿರೋವಾಗ ಒಪ್ಪಿಗೆಯಾ ಅಂತ ಕೇಳಿದ್ರೆ, ಯಾರು ಇಲ್ಲ ಅಂತಾರೆ?”

“ಅದೇ. ನುಝಿನ್ ಅಂತ ಒಬ್ಬ. ರಷ್ಯಾದ ಜೈಲಿನಿಂದ ವ್ಯಾಗ್ನರ್ ಪಡೆಗೆ ಸೇರಿಸ್ಕೊಂಡಿದ್ರು. ಉಕ್ರೇನಿಗೆ ಶರಣಾಗಿ, ಈ ಕಡೆ ಸೇರ್ತೀನಿ ಅಂತ ಸಂದರ್ಶನ ಕೊಟ್ಟ. ಆಮೇಲೆ ಹೇಗೋ ಅವನು ವಾಪಸ್ ವ್ಯಾಗ್ನರ್‌ನವರ ಕೈಲಿದ್ದ. 2022ರ ನವೆಂಬರ್‌ನಲ್ಲಿ ಇನ್ನೊಂದು ವಿಡಿಯೊ ಬಂತು. ಸುತ್ತಿಗೆಯಿಂದ ತಲೆಗೆ…”

“ಸಾಕು.”

“ಆ ಮೊದಲ ಸಂದರ್ಶನಗಳು ಪ್ರಸಾರವಾಗದೇ ಇದ್ದಿದ್ರೆ ಅವನು ಬದುಕ್ತಿದ್ನೋ ಏನೋ.”

ದೂರದಲ್ಲಿ ಘಾಟಿ ಹತ್ತುತ್ತಿದ್ದ ಗೂಡ್ಸ್ ರೈಲಿನ ಸದ್ದು. ಅದು ಕರಗುವವರೆಗೆ ಇಬ್ಬರೂ ಕಾದೆವು.

“ಆದ್ರೂ ತಾಯಂದಿರ ವಿಷಯಕ್ಕೆ ಏನಂತೀರಿ? ರಷ್ಯಾದಲ್ಲಿ ಎಷ್ಟೋ ಅಮ್ಮಂದಿರಿಗೆ ಮಗ ಬದುಕಿದ್ದಾನೆ ಅಂತ ಗೊತ್ತಾಗಿದ್ದೇ ಇಂಥ ವಿಡಿಯೊಗಳಿಂದ. ನಮ್ಮ ಕಲಬುರಗಿಯ ಹುಡುಗರನ್ನ ಸಹಾಯಕರ ಕೆಲಸ ಅಂತ ರಷ್ಯಾಕ್ಕೆ ಕರ್ಕೊಂಡು ಹೋಗಿ ಯುದ್ಧಕ್ಕೆ ದೂಡಿದ್ರಲ್ಲ, ಮನೆಯವರು ಮಾಧ್ಯಮದ ಮುಂದೆ ಬಂದಿದ್ದಕ್ಕೇ ಸರಕಾರ ಎದ್ದಿದ್ದು. 2024ರ ಸೆಪ್ಟೆಂಬರ್‌ನಲ್ಲಿ ಮನೆಗೆ ಬಂದ್ರು.”

“ಅವರನ್ನ ಶತ್ರು ಮಾತಾಡಿಸಿರಲಿಲ್ಲ. ಮಾತಾಡಿದ್ದು ಮನೆಯವರು. ಅದನ್ನ ದಿನವಿಡೀ ಹಾಕು. ಈ ಹುಡುಗ ಇಂಥ ಕಡೆ ಸೆರೆಯಲ್ಲಿದ್ದಾನೆ, ಬದುಕಿದ್ದಾನೆ, ನಮ್ಮ ಸರಕಾರ ಏನು ಮಾಡ್ತಿದೆ ಅಂತ ಕೇಳು. ಅವನ ಬಾಯಿ ಮಾತ್ರ ಬಿಡು. ಬಂದ ಮೇಲೆ ಅವನಿಗೆ ಬೇಕಿದ್ರೆ ಹೇಳ್ತಾನೆ, ಬೇಡದಿದ್ರೆ ಇಲ್ಲ.”

“ಬೆಳಗ್ಗೆ ಮೀಟಿಂಗಿನಲ್ಲಿ ಇದನ್ನ ಹೇಳಿದ್ರೆ, ಪಕ್ಕದ ಚಾನೆಲ್ ಬೈಟ್ ಹಾಕಿದೆ, ನಮ್ಮ ಹತ್ರ ಏನಿದೆ ಅಂತಾರೆ.”

“ಅಂತಾರೆ.”

“ನಾಳೆ ಆ ಗುಜರಾತಿನ ಹುಡುಗನ ತಾಯಿಯ ಬೈಟ್ ಮೇಲೆ ಫಾಲೋಅಪ್ ಮಾಡು ಅಂತ ಸಂಜೆಯೇ ಮೆಸೇಜ್ ಬಂದಿದೆ.”

“ಏನಂದೆ?”

“ರಜೆಯಲ್ಲಿದ್ದೀನಿ ಅಂದೆ.”

ದೊಡ್ಡಪ್ಪ ಲೋಟ ಎತ್ತಿ ಬದಿಗಿಟ್ಟರು. ಸ್ವಲ್ಪ ಹೊತ್ತಿನ ಮೇಲೆ, “ಆ ವಿಡಿಯೊ ಫೋನಲ್ಲಿದೆಯಾ? ನಿನ್ನ ದನಿ ಇಲ್ಲದ್ದು?” ಎಂದರು.

ಇತ್ತು. ಸದ್ದು ಪೂರ್ತಿ ಇಳಿಸಿ ಅವರ ಕೈಗೆ ಕೊಟ್ಟೆ. ಕನ್ನಡಕ ಹಣೆಗೇರಿಸಿ, ಪರದೆಯನ್ನು ಮುಖದ ಹತ್ತಿರ ಹಿಡಿದರು. ನೀಲಿ ಬೆಳಕಲ್ಲಿ ಅವರ ತುಟಿ ಮೆಲ್ಲಗೆ ಅಲ್ಲಾಡುತ್ತಿತ್ತು, ಎಣಿಸುವವರ ಹಾಗೆ. ಅವರು ಹುಡುಗನ ಬಾಯಿ ನೋಡುತ್ತಿರಲಿಲ್ಲ.

“ಏನಾದ್ರೂ ಇದೆಯಾ?”

“ಇಲ್ಲ. ಬರೀ ರೆಪ್ಪೆ ಬಡೀತಾನೆ.” ಫೋನು ವಾಪಸ್ ಕೊಟ್ಟರು. “ಈಗಿನ ಹುಡುಗರಿಗೆ ಮೋರ್ಸ್ ಯಾರು ಕಲಿಸ್ತಾರೆ.”